ಚಹಾಕ್ಕ ಬಸ್ ಹತ್ತಿ ಬಂದವರು

ಮುದ್ದೇಬಿಹಾಳದ ಬಸ್ಸು ಬರುವ ಸುಳಿವೇ ಇರಲಿಲ್ಲ. ದವಾಖಾನಿ ಕೆಲಸ ಮುಗಿಸಿ ಬಂದ ನರ್ಸ್ ಸುಜಾತಾ ತಾಳಿಕೋಟೆ ಬಸ್ ನಿಲ್ದಾಣದ ಚಹಾದಂಗಡಿ ಬೆಂಚಿನ ಮೇಲೆ ಕಾಲು ನೀವಿಕೊಳ್ಳುತ್ತ ಕುಂತಿದ್ದಳು. ಗೆದ್ದ ಮುಖಂಡರೊಬ್ಬರು ಟಿವಿಯಲ್ಲಿ, ಇಂಥ ಚುನಾವಣೆ ದೇಶ ಕಂಡೇ ಇರಲಿಲ್ಲ, ಇನ್ನು ನಾವೆಲ್ಲ ಒಂದು ಎನ್ನುತ್ತಿದ್ದರು. ಪಕ್ಕದಲ್ಲಿ ಇಬ್ಬರು ಹಿರಿಯರು, ಕಂಬಳಿ ಹೊದ್ದವರೊಬ್ಬರು, ಬಿಳಿ ಟೊಪ್ಪಿಗೆಯವರೊಬ್ಬರು, ಒಂದೇ ಚಹಾವನ್ನು ಕಪ್ಪಿನಲ್ಲೊಬ್ಬರು ಬಸಿಯಲ್ಲೊಬ್ಬರು ಹಂಚಿಕೊಂಡು ಕುಡಿಯುತ್ತಿದ್ದರು.

"ಒಂದ ಆಗ್ತೈತಂತಿ, ಅಮಸಿದ್ದ?" ಎಂದರು ಟೊಪ್ಪಿಗೆಯವರು.

"ಆಗಬೇಕಪಾ ಚಮನಸಾಬ. ಎಷ್ಟ ದಿನಾ ಅಂತ ಚಹಾಕ್ಕ ಬಸ್ ಹತ್ತಿ ಬರೂದು?"

"ಊರಾಗ ಒಂದ ಹೋಟೆಲ್ ಇತ್ತು. ಓಟಿನ ಗದ್ದಲದಾಗ ಎರಡಾತು, ನಿಮ್ಮವರದೊಂದು, ನಮ್ಮವರದೊಂದು."

"ನಿಮ್ಮದಕ್ಕ ನಾ ಬಂದ್ರ ನನ್ನ ಮಗಾ ಮಾತು ಬಿಡ್ತಾನ."

"ನಿಮ್ಮದಕ್ಕ ನಾ ಬಂದ್ರ ನಮ್ಮವರು ಎಂಟ ದಿನಾ ಕೇಳ್ತಾರ, ಯಾಕ ಹೋಗಿದ್ದಿ ಅಂತ."

"ಓಟಿನ ಎಣಿಕಿ ಮುಗದ ಮ್ಯಾಲ ಎಲ್ಲಾ ಮೊದಲಿನಂಗ ಆಗ್ತೈತಿ ಅಂದಿದ್ದಿ, ಚಮನಸಾಬ."

"ಅಂದಿದ್ದೆ. ಈಗೂ ಅಂತೇನಿ. ಹಂಗ ಅನ್ನದ ಏನ ಮಾಡ್ಲಿ?"

ಬಸ್ಸು ಬಂತು. ಸುಜಾತಾ ಚೀಲ ಎತ್ತಿಕೊಂಡಳು.

"ನೀ ಹೋಗು ಚಮನಸಾಬ. ಹ್ವಾದ ವಾರ ನಾ ಮೊದಲ ಹೋಗಿದ್ದೆ."

"ಮುಂದಿನ ಬಸ್ಸಿಗೆ ಇನ್ನ ಒಂದ ತಾಸು ಐತಿ."

"ಇರಲಿ. ಊರ ಅಗಸಿ ಬಾಗಿಲ ಮುಂದ ಇಬ್ಬರೂ ಕೂಡೇ ಇಳಿಯೂದು ಬ್ಯಾಡ."

"ಟಿವಿಯಾಗ ಎಲ್ಲಾರೂ ಒಂದ ಅನ್ನಾಕತ್ತಾರಲ್ಲ."

"ಅವರು ನಮ್ಮ ಅಗಸಿಯಾಗ ಇಳಿಯಂಗಿಲ್ಲಪಾ."

ಅಮಸಿದ್ದ ಕಂಬಳಿ ಸರಿಮಾಡಿಕೊಂಡು ಟಿವಿಯ ಕಡೆ ತಿರುಗಿ ಕುಂತರು. ಚಮನಸಾಬ ಸುಜಾತಾಳ ಹಿಂದೆಯೇ ಹತ್ತಿದರು. ಬಸ್ಸು ಅರ್ಧಕ್ಕರ್ಧ ಖಾಲಿ ಇತ್ತು.