ಮೀನವ್ವ ಕಟ್ಟಿದ ಬುತ್ತಿ

ಕೇಳುವವರು ಹತ್ತಿರ ಬನ್ನಿ. ಹೂಂ ಅನ್ನುವವರು ಇನ್ನೂ ಹತ್ತಿರ ಬನ್ನಿ. ಒಂದು ನಾಡಿತ್ತು. ಯಾವ ನಾಡು ಅಂತ ಕೇಳಬೇಡಿ, ನನಗೆ ಹೇಳಿದವರೂ ಹೇಳಲಿಲ್ಲ. ಆ ನಾಡಿನಲ್ಲಿ ಒಂದು ಕೆರೆ. ಕೆರೆಯ ದಂಡೆಗೆ ಬಲೆ ಬೀಸಿ ಬದುಕುವವರ ಕೇರಿ. ಸಿಹಿನೀರಿನ ಕೆರೆ, ಮತ್ತೆ ಸಮುದ್ರ ಅಂದುಕೊಂಡೀರಿ!

ಆ ಕೇರಿಯಲ್ಲಿ ಒಂದು ಪದ್ಧತಿ. ಬಸುರಿಗೆ ಬಯಕೆ ಊಟ ಹಾಕುವಾಗ ಕೆರೆಯ ಎಲ್ಲಕ್ಕಿಂತ ದೊಡ್ಡ ತಾಯಿಮೀನನ್ನು, ಹೊಟ್ಟೆ ತುಂಬ ಮೊಟ್ಟೆ ಇದ್ದಾಗಲೇ, ಹಿಡಿದು ಅಡುಗೆ ಮಾಡಬೇಕು. ಯಾಕೆ? ದೊಡ್ಡ ಮೀನು ತಿಂದರೆ ದೊಡ್ಡ ಕೂಸು ಹುಟ್ಟುತ್ತದೆ ಅಂತ ಅವರ ನಂಬಿಕೆ. ಅಜ್ಜಿಗೆ ಹಾಗೆ ಮಾಡಿದರು. ಅವ್ವನಿಗೆ ಹಾಗೆ ಮಾಡಿದರು. ಸೊಸೆಗೂ ಹಾಗೇ ಮಾಡಿದರು. ಕೇರಿಯಲ್ಲಿ ಕೂಸುಗಳು ಹೆಚ್ಚಿದವು, ಕೆರೆಯಲ್ಲಿ ಮೀನು ಕಡಿಮೆಯಾದವು.

ಒಬ್ಬರು ಬೆಳ್ಳಕ್ಕಿಯನ್ನು ಬೈದರು. ಒಬ್ಬರು ಹೂಳನ್ನು ಬೈದರು. ಒಬ್ಬರು ಪಕ್ಕದೂರಿನ ಬಲೆಯನ್ನು ಬೈದರು. ಕೊನೆಗೆ ಹಿರಿಯರು ಕೂತು, "ಈ ಮಳೆಗೂ ಮೀನುಮರಿ ಕಾಣದಿದ್ದರೆ ಗುಡಿಸಲು ಬಿಚ್ಚೋಣ. ಬೇರೆ ನೀರು ಹುಡುಕೋಣ" ಅಂದರು.

ಇದನ್ನು ಕೇಳಿ ನಡುಗಿದವಳು ಕೆಂಚವ್ವ. ಅವಳು ದ್ಯಾಮವ್ವನ ಸೊಸೆ, ಚೊಚ್ಚಲ ಬಸುರಿ. ಮಳೆ ಮುಗಿಯುವ ಹೊತ್ತಿಗೆ ಹೆರಿಗೆ. ಕೇರಿ ಎದ್ದು ಹೊರಟರೆ ಅವಳು ಹೆರುವುದೆಲ್ಲಿ? ದಾರಿಯಲ್ಲಿ, ಯಾವುದೋ ಮರದ ಬುಡದಲ್ಲಿ, ಅಲ್ಲವೇ?

ಬಯಕೆ ಊಟದ ದಿನ ಬಂತು. ಗಂಡ ಭರಮ ಬಲೆ ಬೀಸಿದ. ಮೂರು ತಾಯಿಮೀನು ಸಿಕ್ಕವು. ಒಂದು ಸಣ್ಣದು, ಒಂದು ನಡುವಿನದು, ಒಂದು ಮುದಿಯಾದ ದೊಡ್ಡದು. ಮೂರನ್ನೂ ನೀರಿನ ಗುಡಾಣಕ್ಕೆ ಬಿಟ್ಟು ಹೋದ. ತವರಿನಿಂದ ಅವತ್ತೇ ಬುತ್ತಿ ಬಂದಿತ್ತು. ಕೆಂಚವ್ವ ಗುಡಾಣದ ಪಕ್ಕ ಕೂತು ಗಂಟು ಬಿಚ್ಚಿದಳು. ರೊಟ್ಟಿ, ಶೇಂಗಾ ಚಟ್ನಿ, ಎಳ್ಳಿನ ಹೋಳಿಗೆ.

"ಅವ್ವ ಬುತ್ತಿ ಕಟ್ಟಿದ್ದಾಳೇನೆ?" ಅಂತು ಒಂದು ಮೀನು.

ಮೀನು ಮಾತಾಡುತ್ತದೆಯೇ? ಕತೆಯಲ್ಲಿ ಮಾತಾಡುತ್ತದೆ, ಕೇಳಿ.

"ಹೂಂ. ನೀವೂ ಮಕ್ಕಳಿಗೆ ಕಟ್ಟಿದ್ದೀರೇನು?" ಅಂದಳು ಕೆಂಚವ್ವ.

ಸಣ್ಣ ಮೀನು ಹೇಳಿತು: "ನಾನಿನ್ನೂ ಎಳೆಯವಳು ತಾಯಿ, ಮೈಯಲ್ಲಿ ಕಸುವಿಲ್ಲ. ಮರಿಗೊಂದು ತುತ್ತು."

ನಡುವಿನದು ಹೇಳಿತು: "ನನ್ನದು ಎರಡು ತುತ್ತು."

ಮುದಿಮೀನು ಹೇಳಿತು: "ನನ್ನ ಮೈ ತುಂಬಿದೆ, ನನ್ನ ಮೊಟ್ಟೆಯೂ ದಪ್ಪ. ಮರಿಗೆ ಈಜು ಬರೋ ತನಕ, ಬಾಯಿ ಬಲಿಯೋ ತನಕ, ತಾನೇ ಹುಡುಕಿ ತಿನ್ನೋ ತನಕ ಸಾಲುವಷ್ಟು ಬುತ್ತಿ ಕಟ್ಟಿದ್ದೇನೆ."

ತಿಳಿಯಿತಾ? ಕೋಳಿಮೊಟ್ಟೆಯೊಳಗೆ ಹಳದಿ ಇರುತ್ತದಲ್ಲ, ಮೀನಿನ ಮೊಟ್ಟೆಯಲ್ಲೂ ಇರುತ್ತದೆ. ಅದೇ ಬುತ್ತಿ. ಮೊಟ್ಟೆ ದಪ್ಪವಾದಷ್ಟೂ ಬುತ್ತಿ ದೊಡ್ಡದು.

ಕೆಂಚವ್ವನ ಕೈಯಲ್ಲಿ ರೊಟ್ಟಿ ಹಾಗೇ ನಿಂತಿತು. "ಹಾಗಾದರೆ ಸಣ್ಣ ಮೊಟ್ಟೆ ವ್ಯರ್ಥವೇ?"

"ಛೇ, ಇಲ್ಲ," ಅಂತು ಮುದಿಮೀನು. "ಕೆರೆಯಲ್ಲಿ ಮೇವು ಉಕ್ಕಿದ ವರ್ಷ ಎಲ್ಲರ ಮರಿಗಳೂ ಬದುಕುತ್ತವೆ. ಮೇವಿಲ್ಲದ ವರ್ಷ ಬುತ್ತಿ ಇದ್ದವೇ ದಾಟೋದು. ಆದರೆ ನನ್ನಂಥವಳನ್ನ ನಿಮ್ಮ ಒಲೆ ಬಿಟ್ಟಿದ್ದೆಲ್ಲಿ?"

ಕೆಂಚವ್ವ ಎದ್ದಳು. ಮುದಿಮೀನನ್ನು ಸೆರಗಿನಲ್ಲಿ ಹೊತ್ತು ಕೆರೆಗೆ ಬಿಟ್ಟಳು. ಉಳಿದೆರಡನ್ನೂ ಬಿಟ್ಟಳು. ಅತ್ತೆ ಈಳಿಗೆ ಹಿಡಿದು ಬಂದು ನೋಡಿದರೆ ಗುಡಾಣ ಖಾಲಿ!

"ಅಯ್ಯೋ ಹುಚ್ಚಿ! ಕೂಸು ಇಲಿಮರಿಯ ಹಾಗೆ ಹುಟ್ಟಿದರೆ ಜನ ನನ್ನ ಮುಖಕ್ಕೆ ಉಗೀತಾರೆ!"

"ಮೀನು ಮಾತಾಡ್ತು ಅತ್ತೆ."

"ಈ ಕೈಯಲ್ಲಿ ಎಷ್ಟು ಮೀನು ಕೊಯ್ದಿದ್ದೇನೆ, ಒಂದೂ ಮಾತಾಡಿಲ್ಲ!"

"ಕೊಯ್ದ ಮೇಲೆ ಎಲ್ಲಿ ಮಾತಾಡ್ತಾವೆ ಅತ್ತೆ?"

ದ್ಯಾಮವ್ವ ಅವತ್ತಿನಿಂದ ಸೊಸೆಯ ಜೊತೆ ಮಾತು ಬಿಟ್ಟಳು.

ಮಳೆ ಬಂತು. ಎಂಥ ಮಳೆ? ಕೆಂಪು ನೀರು, ತಣ್ಣನೆ ಗಾಳಿ. ಬಿಸಿಲೇ ಇಲ್ಲ. ಬಿಸಿಲಿಲ್ಲದೆ ನೀರಿನಲ್ಲಿ ಹಸಿರು ಮೂಡಲಿಲ್ಲ, ಹಸಿರಿಲ್ಲದೆ ಮರಿಗೆ ಮೇವಿಲ್ಲ. ಕೆಂಚವ್ವ ಜೊಂಡಿನ ಹತ್ತಿರ ಹೋಗಿ ನೋಡಿದಳು, ಏನೂ ಇಲ್ಲ. ಮತ್ತೆ ಹೋದಳು, ನೂಲಿನಂಥ ಮರಿಗಳು ಸತ್ತು ತೇಲುತ್ತಿದ್ದವು. ಇತ್ತ ಗಂಡಸರು ಗುಡಿಸಲಿನ ಹಗ್ಗ ಸಡಿಲಿಸತೊಡಗಿದರು.

ಮತ್ತೂ ಒಮ್ಮೆ ಹೋದಳು. ಹೊಟ್ಟೆ ಹಿಡಿದುಕೊಂಡು ಬಗ್ಗಿದಳು. ಆಮೇಲೆ ಕೂಗಿದಳು, "ಅತ್ತೇ, ಬೇಗ ಬನ್ನಿ!"

ಹೆರಿಗೆ ನೋವೇ ಬಂತೆಂದು ದ್ಯಾಮವ್ವ ಓಡಿ ಬಂದಳು. ನೋಡಿದರೆ ಜೊಂಡಿನ ಬುಡದಲ್ಲಿ ಮರಿಗಳು! ಪಟಪಟ ಬಾಲ ಬಡಿಯುತ್ತಿವೆ.

"ಇವಕ್ಕೇನೇ ಇದು? ಹೊಟ್ಟೆಗೆ ಅರಿಶಿನದ ಗಂಟು ಕಟ್ಟಿಕೊಂಡ ಹಾಗಿದೆ!"

"ಬುತ್ತಿ ಅತ್ತೆ. ಅವುಗಳ ಅವ್ವ ಕಟ್ಟಿದ್ದು."

ದ್ಯಾಮವ್ವ ನೀರಂಚಿಗೆ ಕುಕ್ಕರಗಾಲಲ್ಲಿ ಕೂತಳು. ಅವಳೂ ಒಂದು ಕಾಲಕ್ಕೆ ತವರಿನ ಬುತ್ತಿ ಹೊತ್ತು ಈ ಕೇರಿಗೆ ಬಂದವಳೇ ಅಲ್ಲವೇ? ಸೆರಗಿನಲ್ಲಿ ಕಣ್ಣೊರೆಸಿಕೊಂಡು ನೇರ ಗುಡಿಸಲುಗಳ ಕಡೆ ನಡೆದಳು. "ಗೂಟ ಕಿತ್ತವನ ಕೈ ಮುರೀತೀನಿ! ಕೆರೆಯಲ್ಲಿ ಮಕ್ಕಳಿವೆ!"

ಬುತ್ತಿ ಮುಗಿಯುವಷ್ಟರಲ್ಲಿ ಬಿಸಿಲು ಬಂತು. ನೀರು ಹಸಿರಾಯಿತು. ಮರಿಗಳು ಮೇವಿಗೆ ಬಾಯಿ ಹಾಕಿದವು. ಕೇರಿ ಅಲ್ಲೇ ಉಳಿಯಿತು. ಕೆಂಚವ್ವ ಹೆತ್ತಳು. ಕೂಸು ದೊಡ್ಡದೇ? ಇಲ್ಲ, ಸಣ್ಣದೇ. ಆದರೆ ಅದರ ಅಳು ಆಚೆ ದಂಡೆಗೆ ಕೇಳುತ್ತಿತ್ತು.

ಆಮೇಲೆ ಆ ಕೇರಿಯಲ್ಲಿ ಬಯಕೆ ಊಟದ ದಿನ ದೊಡ್ಡ ತಾಯಿಮೀನು ಸಿಕ್ಕರೆ ಬಸುರಿಯ ಕೈಯಿಂದಲೇ ನೀರಿಗೆ ಬಿಡಿಸುತ್ತಾರೆ.

ಬಾಣಂತಿಗೆ ನೀರು ಹಾಕುತ್ತಾ ದ್ಯಾಮವ್ವ ಕೇಳಿದಳು, "ಎಲ್ಲಾ ಸರಿ ಕಣೇ. ನಿನ್ನ ಬಯಕೆ ಮಾತ್ರ ತೀರಲೇ ಇಲ್ಲವಲ್ಲ?"

"ತೀರಿತು ಅತ್ತೆ. ಕೂಸು ಈ ದಂಡೆಯಲ್ಲೇ ಹುಟ್ಟಲಿ ಅನ್ನೋದೇ ನನ್ನ ಬಯಕೆ."

ಮೀನಿಗೆ ನೀರಾಯಿತು, ಕೂಸಿಗೆ ತೊಟ್ಟಿಲಾಯಿತು, ನಿಮಗೊಂದು ಕತೆಯಾಯಿತು. ನಾನು ಕಟ್ಟಿ ತಂದ ಬುತ್ತಿ ಇಷ್ಟೇ. ಇನ್ನು ಬರಿಗಂಟು ಕೊಡವಿ ಏಳುತ್ತೇನೆ.