ಹತ್ತಡಿ ಕಂಬ

ನಾನು ಸುಳ್ಳು ಹೇಳೋದುಂಟು, ಇದು ಮಾತ್ರ ನಮ್ಮಪ್ಪನಾಣೆ ನಿಜ. ಪೇಂಟ್ ಅಂಗಡಿ ಸಾಲಲ್ಲಿ ನನ್ನ ಮುಂದೆ ಹೊಳೆ ನೀರು ಅಳೆಯೋನೂ ಅವನ ಭಾಮೈದನೂ ನಿಂತಿದ್ರು.

"ಬಣ್ಣ ಯಾಕೆ ಭಾವ?"

"ಅಳತೆ ಕಂಬ ಹತ್ತಡಿಯಿಂದ ಹದಿನೈದಕ್ಕೆ ಏರಿಸಿದಾರೆ. ಅಂಕಿ ಬರೀಬೇಕು."

"ಹೋದ್ಸಲ ಕಂಬಾನೇ ಮುಳುಗಿತ್ತಲ್ಲ, ಆಫೀಸಿಗೆ ಎಷ್ಟು ಅಂದ್ರಿ?"

"ಮೂರು ದಿನಾನೂ ಹತ್ತೇ ಅಂದೆ. ಕಂಬದಲ್ಲಿ ಇದ್ದಿದ್ದೇ ಅಷ್ಟು. ಹನ್ನೊಂದು ಅಂದಿದ್ರೆ ಸೈರನ್ ಹೊಡೀತಿದ್ರು."

"ಭೂಮಿನೇ ಕಾದಿದೆಯಂತೆ, ಎಲ್ಲಾ ದೇಶದಲ್ಲೂ ಹಿಂಗೇ ಮಳೆಯಂತೆ."

"ಹಂಗಾದ್ರೆ ಎಲ್ಲಾ ಕಡೆ ಬಣ್ಣ ಖರ್ಚಾಗ್ತಿರಬೇಕು."

"ಅಕ್ಕ ನಮ್ಮನೆಯಿಂದ ವಾಪಸ್ ಬರ್ಲಾ ಅಂತ ಕೇಳ್ತಿದ್ಲು."

"ಕಂಬದ ಲೆಕ್ಕದಲ್ಲಿ ನಮ್ಮನೆ ಹನ್ನೆರಡನೇ ಅಡಿಗಿದೆ. ಮಳೆಗಾಲ ಮುಗೀಲಿ ಅನ್ನು."

"ಈಗೀಗ ಅದು ಯಾವಾಗ ಮುಗಿಯತ್ತೆ?"

"ಅದನ್ನ ಅಳೆಯೋ ಕಂಬ ಕೊಟ್ಟಿಲ್ಲ."

ಡಬ್ಬಿ ಇಸ್ಕೊಂಡು ಹೊರಟ್ರು. ನಮ್ಮನೆ ಅವರದಕ್ಕಿಂತ ತಗ್ಗಲ್ಲಿದೆ. ನಿಮ್ದು ಮೂರನೇ ಮಹಡಿ ತಾನೆ? ನನ್ನ ಟ್ರಂಕಿಗೆ ಒಂಚೂರು ಜಾಗ ಮಾಡಿ.