ಪಂಚಾಕ್ಷರಿಯವರ ಕತ್ತಿನ ಗುಂಡಿ

ಮಾನ್ಯ ಅಧ್ಯಕ್ಷರೂ ಜವಳಿ ವರ್ತಕರೂ ಆದ ಗುರುಸಿದ್ದಯ್ಯನವರೇ, ಶಾಲು, ಹಾರ ಮತ್ತು ಹಣ್ಣಿನ ಬುಟ್ಟಿಯ ಹಿಂದೆ ಎಲ್ಲೋ ಕುಳಿತಿರುವ ಸನ್ಮಾನಿತರಾದ ಪಂಚಾಕ್ಷರಿಯವರೇ, ಶ್ರಮಜೀವಿ ಪಕ್ಷದ ಕಾರ್ಯದರ್ಶಿಗಳೂ, ಕ್ರಾಂತಿ ಆಗುವವರೆಗೆ ನಗುವುದಿಲ್ಲವೆಂದು ಹಟ ಹಿಡಿದವರಂತೆ ಕಾಣುವವರೂ ಆದ ವೆಂಕಟಗಿರಿಯವರೇ, ಮುಂದಿನ ಸಾಲಿನಲ್ಲಿರುವ ಕಲ್ಯಾಣಮ್ಮನವರೇ, ಹಾಗೂ ಹಿಂದಿನ ಕೋಣೆಯಿಂದ ಉಪ್ಪಿಟ್ಟಿನ ವಾಸನೆ ಬರುತ್ತಿದ್ದರೂ ಮುಖ ಈ ಕಡೆಗೇ ಇಟ್ಟುಕೊಂಡಿರುವ ಸಹನಶೀಲ ಸಭಿಕರೇ,

ನಾನು ಗೋಪೀನಾಥ. ರಾಜಾಜಿನಗರದಲ್ಲಿ ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತೇನೆ. ಈ ಊರಿನ ಅರ್ಧ ಗುಮಾಸ್ತರ ತಪ್ಪುಗಳು ನನ್ನಲ್ಲೇ ಆರಂಭವಾದವು. ಎಪ್ಪತ್ತೆರಡರ ಚುನಾವಣೆಯಲ್ಲಿ ಪಂಚಾಕ್ಷರಿಯವರ ಏಜೆಂಟನಾಗಿದ್ದೆ. ಆ ಚುನಾವಣೆಯಲ್ಲಿ ನಾವು ಸೋತೆವು. ಹೀಗಾಗಿ ಸೋಲಿನ ಬಗ್ಗೆ ಅಧಿಕೃತವಾಗಿ ಮಾತನಾಡಬಲ್ಲವನು ನಾನೊಬ್ಬನೇ ಎಂದು ಸ್ವಾಗತ ಸಮಿತಿ ನನ್ನನ್ನು ಕರೆದಿದೆ.

ಪಂಚಾಕ್ಷರಿಯವರು ಬೋಲ್ಟು ನಟ್ಟಿನ ಕಾರ್ಖಾನೆಯಿಂದ ಮೊನ್ನೆ ನಿವೃತ್ತರಾದರು. ಅದಕ್ಕೆ ಈ ಸನ್ಮಾನ. ಆದರೆ ನೀವೆಲ್ಲ ಅದಕ್ಕೇ ಬಂದಿದ್ದೀರಾ? ಫಿಟ್ಟರ್ ಒಬ್ಬರು ನಿವೃತ್ತರಾದದ್ದನ್ನು ನೋಡಲು ವಿಜಯನಗರ, ಬಸವೇಶ್ವರನಗರ, ಕೊನೆಗೆ ಕೆಂಗೇರಿಯಿಂದಲೂ ಜನ ಬರುತ್ತಾರಾ? ನೀವು ಬಂದಿರುವುದು ಒಂದು ಉತ್ತರ ಕೇಳಲು. ನಾಮಪತ್ರ ಸಲ್ಲಿಸಲು ನಾಳೆ ಕೊನೆಯ ದಿನ. ಇವರು ಮತ್ತೆ ನಿಲ್ಲುತ್ತಾರೋ ಇಲ್ಲವೋ? ಪಕ್ಷ ಕೇಳಿತು, ನಕ್ಕರು. ಯೂನಿಯನ್ ಕೇಳಿತು, ಬೀಡಿ ಹಚ್ಚಿದರು. ಬೆಳಿಗ್ಗೆ ನಾನು ಕೇಳಿದೆ. "ಮಧ್ಯಾಹ್ನ ಭಾಷಣ ನಿಂದೇ ಅಲ್ವೇನೋ, ನೀನೇ ಹೇಳು" ಎಂದರು. ಹೇಳಲು ನನಗೆ ಗೊತ್ತಿಲ್ಲ. ನಿಮ್ಮಷ್ಟೇ ಕುತೂಹಲದಿಂದ ನಾನೂ ನನ್ನ ಭಾಷಣವನ್ನು ಕೇಳುತ್ತಿದ್ದೇನೆ.

ಒಂದು ದೊಡ್ಡ ಪ್ರಶ್ನೆಯನ್ನು ಸಭೆಯ ಮುಂದಿಡುತ್ತೇನೆ. ಎಡಪಕ್ಷವೊಂದು ತತ್ವವನ್ನೂ ಉಳಿಸಿಕೊಂಡು ಚುನಾವಣೆಯನ್ನೂ ಗೆಲ್ಲಬಹುದೇ? ಇದರ ಬಗ್ಗೆ ವೆಂಕಟಗಿರಿಯವರಲ್ಲಿ ಕೆಂಪು ರಟ್ಟಿನ ಪುಸ್ತಕಗಳಿವೆ. ನನ್ನ ಮನೆಯಲ್ಲಿ ಹೆಂಡತಿ ಜಲಜಾ ಇದ್ದಾಳೆ. ನಮ್ಮ ಪಕ್ಷದ ಗುರುತು ಇಕ್ಕಳ ಎಂದು ತಿಳಿದ ದಿನ ಅವಳು ಒಲೆಯ ಮುಂದಿನಿಂದಲೇ ತೀರ್ಪು ಕೊಟ್ಟಳು: "ಬಿಸಿ ಪಾತ್ರೆ ಹಿಡಿಯೋಕೆ ಸರಿ ಕಣ್ರೀ. ಕುರ್ಚಿ ಹಿಡಿಯೋಕೆ ಇದು ಆಗಲ್ಲ."

ನಾವು ಪ್ರಚಾರ ಮಾಡಿದ ರೀತಿಯನ್ನು ಕೇಳಿದರೆ ಅವಳ ಮಾತು ನಿಮಗೂ ಸರಿಯೆನಿಸುತ್ತದೆ. ಆಗ ವಿಜಯನಗರದ ಅರ್ಧ ಭಾಗದಲ್ಲಿ ಬೀದಿಯೇ ಇರಲಿಲ್ಲ, ಸೈಟಿನ ಕಲ್ಲುಗಳಿದ್ದವು. ಒಂದು ತಿರುವಿನಲ್ಲಿ ಹೆಂಗಸರು ಖಾಲಿ ಕೊಡ ಇಟ್ಟುಕೊಂಡು ನಮ್ಮನ್ನು ಅಡ್ಡಗಟ್ಟಿದರು. "ನಲ್ಲೀಲಿ ನೀರು ಬರಿಸ್ತೀರಾ?" ಯಾವ ಅಭ್ಯರ್ಥಿಗೂ ಗೊತ್ತಿರುವ ಉತ್ತರ ಒಂದೇ ತಾನೇ? ನಮ್ಮವರು ಕೆಳಗೆ ಕೂತು ನಲ್ಲಿಯ ಬುಡವನ್ನು ನೋಡಿದರು. ಮೇಲಕ್ಕೆ ಎದ್ದು, "ಅಕ್ಕಾ, ಇದಕ್ಕೆ ಪೈಪೇ ಸೇರಿಸಿಲ್ಲ. ಸುಮ್ನೆ ನೆಟ್ಟಿದಾರೆ. ಪೈಪು ಬರೋಕೆ ವರ್ಷಗಳು ಬೇಕು, ಅಲ್ಲೀತನಕ ಜಗಳ ಆಡೋಣ" ಎಂದರು. ಎದುರು ಪಕ್ಷದವರು ಸಾಯಂಕಾಲ ಬಂದು ಅದೇ ನಲ್ಲಿಗೆ ಹೂವಿನ ಹಾರ ಹಾಕಿ ಹೋದರು. ಆ ಬೀದಿಯ ಓಟು ಯಾರಿಗೆ ಹೋಯಿತೆಂದು ನಾನು ಹೇಳಬೇಕೇ?

ಆದರೂ ನಾವು ಸೋತದ್ದು ನೀರಿನಿಂದಲ್ಲ. ಒಂದು ಗುಂಡಿಯಿಂದ.

ನಗಬೇಡಿ. ಪಂಚಾಕ್ಷರಿಯವರ ಅಂಗಿಯನ್ನು ನೀವೆಲ್ಲ ನೋಡಿದ್ದೀರಿ. ಬಿಳಿ, ಅರ್ಧ ತೋಳು, ಕತ್ತಿನವರೆಗೆ ಗುಂಡಿ. ಎಪ್ಪತ್ತೆರಡರ ಆ ಬಿಸಿಲಿನಲ್ಲಿ, ಮಾಗಡಿ ರಸ್ತೆಯ ಟಾರು ಚಪ್ಪಲಿಗೆ ಅಂಟುತ್ತಿದ್ದಾಗ, ನಾವೆಲ್ಲ ಅಂಗಿ ಬಿಚ್ಚಿ ಹೆಗಲ ಮೇಲೆ ಹಾಕಿಕೊಳ್ಳುವುದೊಂದು ಬಾಕಿ. ಇವರು ಮೇಲಿನ ಗುಂಡಿಯನ್ನೂ ಬಿಚ್ಚಲಿಲ್ಲ. ಬೆವರು ಗಲ್ಲದಿಂದ ಇಳಿದು ಕಾಲರಿನಲ್ಲಿ ಮಾಯವಾಗುತ್ತಿತ್ತು. "ಸಾರ್, ಒಂದು ಗುಂಡಿ ಬಿಚ್ಕೊಳ್ಳಿ, ಪ್ರಾಣ ಹೋಗುತ್ತೆ" ಎಂದೆ. "ಓಟು ಕೇಳೋದು ನಿಲ್ಸಿದ ದಿನ ಬಿಚ್ತೀನಿ ಬಿಡೋ" ಎಂದರು. ನಾನು ಇದನ್ನು ಶಿಸ್ತು ಎಂದುಕೊಂಡೆ. ಪಕ್ಷದಲ್ಲಿ ಅರ್ಥವಾಗದ್ದನ್ನೆಲ್ಲ ನಾವು ಶಿಸ್ತು ಎಂದೇ ಕರೆಯುತ್ತೇವೆ.

ಹೀಗಿರುವಾಗ ಕಲ್ಯಾಣಮ್ಮನವರ ಮನೆಗೆ ಹೋದೆವು. ಅವರು ಲಿಂಗಾಯತ ಹೆಂಗಸರ ಅಕ್ಕನ ಬಳಗದ ಹಿರಿಯರು. ಅವರು ತಲೆ ಅಲ್ಲಾಡಿಸಿದ ಕಡೆಗೆ ಸುತ್ತಲಿನ ಅಷ್ಟೂ ಬೀದಿಗಳು ತಲೆ ಅಲ್ಲಾಡಿಸುತ್ತಿದ್ದವು. ಈಗಲೂ ಅಷ್ಟೇ, ನಾನು ಯಾವ ಕಡೆ ನೋಡಿಕೊಂಡು ಮಾತನಾಡುತ್ತಿದ್ದೇನೆಂದು ನೀವು ಗಮನಿಸಿರಬಹುದು. ಮಜ್ಜಿಗೆ ಕೊಟ್ಟರು. ಕಾರ್ಖಾನೆಯ ಮುಷ್ಕರದ ಕಥೆ ಕೇಳಿದರು. ಸಂತೋಷಪಟ್ಟರು. ಕೊನೆಗೆ, ಬಹಳ ಪ್ರೀತಿಯಿಂದ, ತಮ್ಮ ಮಗನನ್ನು ಊಟ ಆಯಿತೇ ಎಂದು ಕೇಳುವ ಹಾಗೆ ಕೇಳಿದರು: "ಎಲ್ಲಾ ಸರಿ ಕಣಪ್ಪಾ. ಕೊರಳಲ್ಲಿ ಲಿಂಗ ಕಟ್ಕೊಂಡಿದೀಯಾ? ನಿಮ್ಮ ಪಕ್ಷದೋರು ಅದನ್ನೆಲ್ಲಾ ತೆಗೆಸಿಬಿಡ್ತಾರಂತಲ್ಲ."

ಪಂಚಾಕ್ಷರಿಯವರು ಲೋಟ ಕೆಳಗಿಟ್ಟರು. "ಅಮ್ಮಾ, ಓಟು ಹಾಕಿ ಬನ್ನಿ. ಆಮೇಲೆ ಕೇಳಿ, ಹೇಳ್ತೀನಿ."

"ಹಂಗಾದ್ರೆ ಇಲ್ಲ ಅಂತಾಯ್ತು" ಎಂದರು ಕಲ್ಯಾಣಮ್ಮ. ಇನ್ನೊಂದು ಲೋಟ ಮಜ್ಜಿಗೆಯನ್ನೂ ಕೊಟ್ಟರು. ಓಟು ಕೊಡಲಿಲ್ಲ. ನಾವು ಸೋತ ಅಂತರವನ್ನು ನೋಡಿದರೆ ಆ ಬೀದಿಗಳೇ ಸಾಕಾಗುತ್ತಿದ್ದವು.

ಫಲಿತಾಂಶದ ಮಾರನೆಯ ದಿನ ಇವರು ನನ್ನ ಸೈಕಲ್ಲಿನ ಹಿಂದೆ ಕೂತರು. "ನಡಿ, ಕಲ್ಯಾಣಮ್ಮೋರ ಮನೆಗೆ." ಸೋತ ಅಭ್ಯರ್ಥಿ ಮತದಾರರ ಮನೆಗೆ ಹೋಗುವುದನ್ನು ನೀವು ಕೇಳಿದ್ದೀರಾ? ಗೆದ್ದವರೇ ಹೋಗುವುದಿಲ್ಲ. ಬಾಗಿಲಲ್ಲಿ ನಿಂತು, "ಅಮ್ಮಾ, ಕೇಳಿದ್ರಲ್ಲ, ಹೇಳೋಕೆ ಬಂದೆ" ಎಂದು ಮೇಲಿನ ಗುಂಡಿಯನ್ನು ಬಿಚ್ಚಿದರು. ಕಲ್ಯಾಣಮ್ಮ ಒಳಗಿದ್ದ ಲಿಂಗದ ಶಿವದಾರವನ್ನು ನೋಡಿ ಹಣೆ ಚಚ್ಚಿಕೊಂಡರು. "ಅಯ್ಯೋ ನಿನ್ನ, ಮೊದಲೇ ತೋರಿಸೋಕೆ ಏನಾಗಿತ್ತೋ ನಿನಗೆ?"

"ಮೊದಲೇ ತೋರಿಸಿದ್ರೆ ನೀವು ನನಗೆ ಓಟು ಹಾಕ್ತಿರಲಿಲ್ಲ ಅಮ್ಮಾ, ದಾರಕ್ಕೆ ಹಾಕ್ತಿದ್ರಿ. ಇದು ನಮ್ಮವ್ವ ಶಾಂತವ್ವಂಗೆ ಕೊಟ್ಟ ಮಾತು. ಓಟಿಗೆ ಕೊಟ್ಟ ಮಾತಲ್ಲ."

ಸಭಿಕರೇ, ಒಂದು ನಿಮಿಷ.

ಕಲ್ಯಾಣಮ್ಮನವರು ನನ್ನನ್ನು ನೋಡುತ್ತಿರುವ ರೀತಿ ಈಗ ಅರ್ಥವಾಯಿತು. ಈ ಸಂಗತಿಯನ್ನು ಅವರು ಇಷ್ಟು ವರ್ಷ ಅಕ್ಕನ ಬಳಗದಲ್ಲಿ ಕೂಡ ಬಾಯಿಬಿಟ್ಟಿರಲಿಲ್ಲ. ನಾನು ಮೈಕಿನಲ್ಲಿ ಹೇಳಿದೆ. ಪಂಚಾಕ್ಷರಿಯವರು ಮುಚ್ಚಿಟ್ಟುಕೊಂಡದ್ದನ್ನು ಹೊಗಳುವ ಭರದಲ್ಲಿ ಅದನ್ನೇ ಎತ್ತಿ ತೋರಿಸಿದೆ. ಏಜೆಂಟನೆಂದರೆ ಹೀಗಿರಬೇಕು.

ಹೇಗೂ ಬಾಯಿ ಜಾರಿದ್ದಾಯಿತು, ಪೂರ್ತಿ ಹೇಳಿಬಿಡುತ್ತೇನೆ. ವೆಂಕಟಗಿರಿಯವರಿಗೆ ಇದು ಮೊದಲೇ ಗೊತ್ತಿತ್ತು. ಪಕ್ಷಕ್ಕೆ ಸೇರಿದ ದಿನವೇ ಪಂಚಾಕ್ಷರಿಯವರು ತಾವಾಗಿ ಹೇಳಿದ್ದರು. ಸಮಿತಿ ಕೂತಿತು. "ಕಾಮ್ರೇಡ್, ಇದು ವೈಜ್ಞಾನಿಕ ದೃಷ್ಟಿಕೋನಕ್ಕೆ ಹೊಂದುತ್ತಾ?" ಎಂದು ವೆಂಕಟಗಿರಿ ಕೇಳಿದರು. "ನಿಮ್ಮ ಹೆಸರಲ್ಲಿ ತಿರುಪತಿ ಬೆಟ್ಟಾನೇ ಇದೆ. ನೀವು ಅದನ್ನ ಹೊರಗಿಟ್ಟು ಬನ್ನಿ, ನಾನು ಇದನ್ನ ತೆಗೀತೀನಿ" ಎಂದರು ಇವರು. ಚರ್ಚೆಯನ್ನು ಮುಂದೂಡಲಾಯಿತು. ಇನ್ನೂ ಮುಂದೂಡಿಯೇ ಇದೆ. ಅಂದರೆ ಗಮನಿಸಿ. ತಿಳಿದರೆ ಓಟು ಹಾಕುತ್ತಿದ್ದವರಿಗೆ ತಿಳಿದಿರಲಿಲ್ಲ. ತಿಳಿದರೆ ಮುಖ ಗಂಟಿಕ್ಕುವವರಿಗೆ ಮಾತ್ರ ತಿಳಿದಿತ್ತು. ನಮ್ಮ ಪಕ್ಷದಲ್ಲಿ ಇದನ್ನು ಸಂಘಟನೆ ಎನ್ನುತ್ತೇವೆ.

ಆಮೇಲೆ ತುರ್ತು ಪರಿಸ್ಥಿತಿ ಎಂದು ಯಾರೂ ಭಾಷಣ ಮಾಡದ ಕಾಲವೊಂದು ಬಂದು ಹೋಯಿತು. ಆ ಕಾಲದಲ್ಲಿ ಪಕ್ಷದ ಕಚೇರಿಗೆ ಬೀಗ ಬಿತ್ತು, ಪಂಚಾಕ್ಷರಿಯವರು ಜೈಲಿನಲ್ಲಿದ್ದರು, ನಾನು ಮನೆಯಲ್ಲಿದ್ದೆ. ಎರಡರಲ್ಲಿ ಯಾವುದು ಕಠಿಣ ಎಂದು ಜಲಜಾಳನ್ನು ಕೇಳಬೇಡಿ.

ಈಗ ಈ ದಿನಕ್ಕೆ ಬರುತ್ತೇನೆ. ಬೆಳಿಗ್ಗೆ ನಮ್ಮ ಅಧ್ಯಕ್ಷರು ಇನ್‌ಸ್ಟಿಟ್ಯೂಟಿಗೆ ದಯಮಾಡಿಸಿದರು. ಅಲ್ಲಿ ಆಡಿದ ಮಾತನ್ನು ಸಭೆಯಲ್ಲಿ ಹೇಳಬಾರದೆಂದು ಅವರ ಅಪ್ಪಣೆ. ನಾನು ಹೇಳುತ್ತಿಲ್ಲ. ಗಟ್ಟಿಯಾಗಿ ನೆನಪಿಸಿಕೊಳ್ಳುತ್ತಿದ್ದೇನೆ. "ನೋಡಿ ಗೋಪೀನಾಥ್, ಈ ಸಲ ಗಾಳಿ ನಿಮ್ಮ ಕಡೆ ಇದೆ. ನಮ್ಮ ಸಮಾಜದ ಸಂಘ ಪೂರ್ತಿ ನಿಮ್ಮವರ ಹಿಂದೆ ನಿಲ್ಲುತ್ತೆ. ನಾನೇನು ತತ್ವ ಬಿಡಿ ಅಂದ್ನಾ? ಕೂಲಿ ಜಾಸ್ತಿ ಮಾಡಿ ಅನ್ನಲಿ, ಬಡ್ಡಿ ಮನ್ನಾ ಅನ್ನಲಿ, ನನ್ನ ಅಂಗಡಿ ಮುಂದೇನೇ ಧಿಕ್ಕಾರ ಕೂಗಲಿ. ಒಂದು ಗುಂಡಿ ಬಿಚ್ಕೊಂಡು ವೇದಿಕೆ ಮೇಲೆ ಕೂತ್ಕೊಂಡ್ರೆ ಸಾಕು. ಲಿಂಗ ಇದ್ರೆ ಕಾಣಲಿ. ಇಲ್ದಿದ್ರೆ ಹೇಳಿ, ನಾನೇ ಒಂದು ತರಿಸ್ಕೊಡ್ತೀನಿ."

ಎಂಥ ಉದಾರ ಮನಸ್ಸು ನೋಡಿ. ಮತ್ತು ಎಂಥ ವ್ಯಾಪಾರ ಬುದ್ಧಿ. ತಗಡಿನ ಸೂರು, ನಡುಮಧ್ಯಾಹ್ನ, ಕಿಕ್ಕಿರಿದ ಜನ. ಇದರ ನಡುವೆ ಇವರಿಗೆ ಹೊದಿಸಿರುವ ಶಾಲನ್ನು ಮುಟ್ಟಿ ನೋಡಿ. ಅಪ್ಪಟ ಉಣ್ಣೆ. ಈ ಸೆಕೆಗೆ ಕತ್ತಿನ ಗುಂಡಿ ತಾನಾಗಿಯೇ ಬಿಚ್ಚಿಕೊಳ್ಳಬೇಕು.

ಇದು ಸಣ್ಣ ಪ್ರಶ್ನೆಯಲ್ಲ. ನಾನು ಬೆಳಗಿನಿಂದ ಇದನ್ನೇ ಯೋಚಿಸುತ್ತಿದ್ದೇನೆ. ಗುಂಡಿ ಬಿಚ್ಚಿದರೆ ಸುಳ್ಳು ಹೇಳಿದಂತಾಯಿತೇ? ಇಲ್ಲ. ಇರುವುದನ್ನೇ ತೋರಿಸುವುದು. ಹಣ ಹಂಚಿದಂತಾಯಿತೇ? ಇಲ್ಲ. ಸೀರೆ ಹಂಚಿದಂತಾಯಿತೇ? ಅಧ್ಯಕ್ಷರು ಹಾಗೆ ಹಂಚುವವರೂ ಅಲ್ಲ. ಸತ್ಯವನ್ನೇ ಹೇಳಿ, ಗೆದ್ದು, ಆ ನಲ್ಲಿಗೆ ಪೈಪು ಹಾಕಿಸಬಹುದಲ್ಲ? ಆ ಹೆಂಗಸರು ಇನ್ನೂ ಟ್ಯಾಂಕರಿನ ಹಿಂದೆ ಓಡುತ್ತಿದ್ದಾರೆ. ಅವರಿಗೆ ನಮ್ಮ ಕತ್ತಿನ ಗುಂಡಿಯ ತತ್ವಶಾಸ್ತ್ರವನ್ನು ಕುಡಿಸಲು ಆಗುತ್ತದೆಯೇ? ನಿಜ ಹೇಳಬೇಕೆಂದರೆ, ನನಗೆ ಗೆಲ್ಲಬೇಕು. ಒಂದು ಸಲವಾದರೂ ಮತ ಎಣಿಕೆಯ ಕೊಠಡಿಯಿಂದ ತಲೆ ಎತ್ತಿಕೊಂಡು ಹೊರಗೆ ಬರಬೇಕು. ಹೀಗೆ ಸೋತೇ ಪಕ್ಷ ಶುದ್ಧವಾಗಿರುವುದಾದರೆ, ಬಚ್ಚಲ ಗೂಡಿನಲ್ಲಿ ಬಿಚ್ಚದೆ ಇಟ್ಟ ಸೋಪೂ ಶುದ್ಧವಾಗಿಯೇ ಇರುತ್ತದೆ.

ಈ ಮಾತನ್ನು ನಾನು ಬರೆದುಕೊಂಡು ಬಂದಿರಲಿಲ್ಲ. ವೆಂಕಟಗಿರಿಯವರು ಕ್ಷಮಿಸಬೇಕು.

ಇನ್ನೊಂದು ವಿಷಯ. ನೀವು ಕೂತಿರುವ ಕಡೆಯಿಂದ ಹಾರ ಅಡ್ಡವಾಗಿ ಕಾಣುವುದಿಲ್ಲ, ನನಗೆ ಮೈಕಿನ ಪಕ್ಕದಿಂದ ಕಾಣುತ್ತದೆ. ಅಧ್ಯಕ್ಷರಿಗೂ ಕಂಡಿದೆ, ಆಗಿನಿಂದ ಅವರ ಮುಖದಲ್ಲಿ ದೀಪಾವಳಿ. ಶಾಲು ಹೊದಿಸಿದ ಸ್ವಲ್ಪ ಹೊತ್ತಿಗೆ ಪಂಚಾಕ್ಷರಿಯವರು ಕತ್ತಿನ ಗುಂಡಿಯನ್ನು ಬಿಚ್ಚಿದರು.

ಚಪ್ಪಾಳೆ ಹೊಡೆಯಬೇಡಿ, ದಯವಿಟ್ಟು. ಅಧ್ಯಕ್ಷರು ಇದನ್ನು ಒಪ್ಪಿಗೆ ಎಂದುಕೊಂಡಿದ್ದಾರೆ. ನನಗೆ ಮಾತ್ರ ಹಳೆಯ ಮಾತೊಂದು ನೆನಪಾಯಿತು. ಮಾಗಡಿ ರಸ್ತೆಯಲ್ಲಿ ಇವರು ಹೇಳಿದ್ದೇನು? ಓಟು ಕೇಳೋದು ನಿಲ್ಸಿದ ದಿನ ಬಿಚ್ತೀನಿ. ನಿವೃತ್ತರಾದರು, ಸಾಕು ಎನಿಸಿತು, ಹಾಯಾಗಿ ಗಾಳಿ ಬರಲಿ ಎಂದು ಬಿಚ್ಚಿದರು. ನಾಳೆ ನಾಮಪತ್ರ ಇಲ್ಲ. ಮುಗಿಯಿತು. ಒಂದೇ ಗುಂಡಿ. ಅಧ್ಯಕ್ಷರಿಗೆ ಅದರಲ್ಲಿ ಗೆಲುವು ಕಂಡಿತು, ನನಗೆ ವಿದಾಯ ಕಂಡಿತು. ಇಷ್ಟು ಹೊತ್ತು ನಾನು ನಿಮ್ಮನ್ನು ನಗಿಸುತ್ತಾ ಇದ್ದದ್ದು, ನಾನು ಕೂತರೆ ಇವರು ಎದ್ದು ಅದನ್ನು ಹೇಳಿಬಿಡುತ್ತಾರೆ ಎಂಬ ಭಯದಿಂದ.

ಆದ್ದರಿಂದ ಕೂರುವ ಮೊದಲು ನನ್ನ ಬಾಯಿಯ ಅವಾಂತರವನ್ನು ನಾನೇ ಸರಿಪಡಿಸಬೇಕು. ಒಂದು ವೇಳೆ ಇವರು ನಿಂತರೆ, ನನ್ನ ಕಥೆ ಕೇಳಿ, ಓಹೋ ನಮ್ಮವನು ಎಂದು ಓಟು ಹಾಕಲು ಈಗಷ್ಟೇ ತೀರ್ಮಾನಿಸಿದವರು ದಯವಿಟ್ಟು ಹಾಕಬೇಡಿ. ಎದುರು ಪಕ್ಷಕ್ಕೆ ಹಾಕಿ, ಅವರ ನಲ್ಲಿಯಲ್ಲಿ ಹೂವಾದರೂ ಇದೆ. ಪೈಪಿಗಾಗಿ ಜಗಳ ಆಡಲು ಒಬ್ಬ ಮನುಷ್ಯ ಬೇಕು ಎನ್ನುವವರು ಮಾತ್ರ ಇಕ್ಕಳಕ್ಕೆ ಹಾಕಿ. ಅಭ್ಯರ್ಥಿಯ ಏಜೆಂಟನೊಬ್ಬ ತುಂಬಿದ ಸಭೆಯಲ್ಲಿ ಕೈಮುಗಿದು ಓಟು ಬೇಡ ಎಂದು ಕೇಳಿದ್ದು ಬಹುಶಃ ಇದೇ ಮೊದಲು. ಜಲಜಾ, ನೀನು ಅಲ್ಲಿ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳಬೇಡ.

ಏನು? ಯಾಕೆ ಎಲ್ಲರೂ ನನ್ನ ಹಿಂದೆ ನೋಡುತ್ತಿದ್ದೀರಿ?

ಸಭಿಕರೇ, ನೀವು ನೋಡಿದ್ದನ್ನು ನಾನೂ ತಿರುಗಿ ನೋಡಿದೆ. ಪಂಚಾಕ್ಷರಿಯವರು ಹಾರಗಳನ್ನು ತೆಗೆದು ಹಣ್ಣಿನ ಬುಟ್ಟಿಯ ಮೇಲಿಟ್ಟರು. ಉಣ್ಣೆ ಶಾಲನ್ನು ನಾಲ್ಕು ಮಡಿಕೆ ಮಾಡಿ, ಬಹಳ ಮರ್ಯಾದೆಯಿಂದ, ಅಧ್ಯಕ್ಷರ ತೊಡೆಯ ಮೇಲಿಟ್ಟರು. ಆಮೇಲೆ ಗಲ್ಲ ಎತ್ತಿ, ಎರಡೂ ಕೈಗಳಿಂದ, ಕತ್ತಿನ ಗುಂಡಿಯನ್ನು ಹಾಕಿಕೊಂಡರು.

ಈಗ ಚಪ್ಪಾಳೆ ಹೊಡೆಯಬಹುದು. ಕಲ್ಯಾಣಮ್ಮನವರು ಆಗಲೇ ಶುರು ಮಾಡಿದ್ದಾರೆ.

ಗೆಲ್ಲುತ್ತೇವೆಯೇ? ಖಂಡಿತ ಗೊತ್ತಿಲ್ಲ. ನಾನು ಹೇಗೂ ಬಾಯಿಬಿಟ್ಟಿರುವುದರಿಂದ ಗೆದ್ದರೂ ಯಾವ ಓಟು ಯಾತಕ್ಕೆ ಬಿತ್ತೆಂದು ತಿಳಿಯದೆ ವೆಂಕಟಗಿರಿಯವರು ಐದು ವರ್ಷ ಸಮಿತಿ ಕೂರಿಸುತ್ತಾರೆ. ಆದರೂ ನೋಡೋಣ ಎನಿಸುತ್ತಿದೆ. ನಾಳೆ ಬೆಳಿಗ್ಗೆ ನಾಮಪತ್ರಕ್ಕೆ ಹೊರಡುತ್ತೇವೆ. ಗೋಡೆಗೆ ಬರೆಯಲು ಬರುವವರು ಸುಣ್ಣ, ಕಾವಿ ಮಣ್ಣು ತನ್ನಿ. ಇಕ್ಕಳವನ್ನು ನೋಡಿ ಬರೆಯಲು ನಮ್ಮ ಮನೆಯದನ್ನೇ ತರುತ್ತೇನೆ, ಜಲಜಾ ಕೊಟ್ಟರೆ.

ಶಾಲು ತೊಡೆಯ ಮೇಲಿಟ್ಟುಕೊಂಡೂ ನಗುತ್ತಿರುವ ಅಧ್ಯಕ್ಷರಿಗೆ, ಗುಟ್ಟು ಕಾಯ್ದ ಕಲ್ಯಾಣಮ್ಮನವರಿಗೆ, ಉಪ್ಪಿಟ್ಟು ಆರಿದ್ದರೂ ಕಾದ ನಿಮಗೆಲ್ಲರಿಗೂ ನಾನು ಋಣಿ. ಅಭ್ಯರ್ಥಿಗಳು ಈಗ ಮಾತನಾಡುತ್ತಾರೆ. ನೀರಿನ ಬಗ್ಗೆ ಕೇಳಬೇಡಿ, ನಿಜ ಹೇಳಿಬಿಡುತ್ತಾರೆ.

ನಮಸ್ಕಾರ.